ಏಜೆಂಟನನ್ನು ಬಿಟ್ಟ ಮೇಲೂ ಕಮಿಷನ್ ಬಾಕಿಯೇ?

ಆಲಮಟ್ಟಿ ಹಿನ್ನೀರಿನ ಸಂತ್ರಸ್ತರಿಗಾಗಿ ಎದ್ದ ನವನಗರದಲ್ಲಿ ಸೆಕ್ಟರಿನ ನಿವೇಶನ ಮಾರುವಾಗ ಏಜೆಂಟನ ಜೊತೆಗಿನ ಕರಾರು ಬಾಯಿಮಾತಿನಲ್ಲೇ ಮುಗಿಯುವುದುಂಟು. ‘ಇನ್ನು ನೀವು ಬ್ಯಾಡ್ರಿ’ ಎಂದು ಮಾಲೀಕ ಹೇಳಿದ ಮೇಲೆ, ಅದೇ ಏಜೆಂಟ್ ತೋರಿಸಿದ ಗಿರಾಕಿಗೇ ಖರೀದಿಪತ್ರ ನೋಂದಣಿಯಾದರೆ ಕಮಿಷನ್ ಕೊಡಬೇಕೆ? ಕೊಡಬೇಕು ಎಂಬುದು ನನ್ನ ವಾದ. 1872ರ ಭಾರತೀಯ ಕರಾರು ಕಾಯ್ದೆ ಏಜೆನ್ಸಿ ರದ್ದುಮಾಡುವ ಹಕ್ಕನ್ನು ಮಾಲೀಕನಿಗೆ ಕೊಟ್ಟಿದೆ, ನಿಜ. ಆದರೆ ಏಜೆಂಟ್ ಆಗಲೇ ಮಾಡಿದ ಕೆಲಸದಿಂದ ಹುಟ್ಟಿದ ಹೊಣೆ ಆ ರದ್ದತಿಯಿಂದ ಅಳಿಯದು ಎನ್ನುತ್ತದೆ ಕಲಂ 204. ಕಮಿಷನ್ ಉಳಿಸಲೆಂದೇ ಕೈಬಿಡುವ ಜಾಣತನಕ್ಕೆ ಇದು ಅಡ್ಡಗಾಲು.

‘ಹಾಗಾದರೆ ಏಜೆಂಟರು ಜೀವನಪರ್ಯಂತ ಬೆನ್ನು ಹತ್ತಬಹುದಲ್ಲ?’ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಬೇರೆ ಕರಾರಿಲ್ಲದಿದ್ದರೆ ಕೆಲಸ ಪೂರ್ಣವಾಗುವವರೆಗೆ ಸಂಭಾವನೆ ಬಾಕಿಯಾಗದು ಎಂಬ ಕಲಂ 219 ಮಾಲೀಕನ ಬೆನ್ನಿಗಿದೆ. ಮಾಲೀಕನೇ ಹುಡುಕಿದ ಗಿರಾಕಿಯಾದರೆ, ಏಜೆಂಟ್ ನಾಲ್ಕು ಸಲ ಸೈಟ್ ಸುತ್ತಿಸಿದ್ದಕ್ಕೇ ಕಮಿಷನ್ ಹುಟ್ಟದು. ಇಂತಿಷ್ಟು ಅವಧಿಗೆಂದು ಒಪ್ಪಿ ಸಕಾರಣವಿಲ್ಲದೆ ನಡುವೆ ಬಿಡಿಸಿದರೆ ಮಾತ್ರ ಕಲಂ 205ರಡಿ ಪರಿಹಾರದ ಪ್ರಶ್ನೆ ಏಳುತ್ತದೆ. ಅದು ಕಮಿಷನ್ ಅಲ್ಲ, ನಷ್ಟಭರ್ತಿ. ಜಗಳ ಕೋರ್ಟಿಗೆ ಹೋದರೆ ಗಿರಾಕಿಯನ್ನು ಕರೆತಂದವರು ಯಾರು ಎಂಬುದಕ್ಕೆ ಪುರಾವೆ ಬೇಕು. ಬಿಡುವ ದಿನವೇ, ಅಲ್ಲಿಯವರೆಗೆ ತೋರಿಸಿದ ಗಿರಾಕಿಗಳ ಹೆಸರು ಮತ್ತು ಕಮಿಷನ್ ಹಕ್ಕಿನ ಕೊನೆಯ ದಿನಾಂಕವನ್ನು ಬರೆದು ಇಬ್ಬರೂ ಸಹಿ ಹಾಕಬೇಕಾದದ್ದು ಅದಕ್ಕೇ.