ಬಹುಮಾನ ಯಾರು ಯಾರಿಗೆ ಕೊಟ್ಟದ್ದು?

ಕನ್ಹಾನಿನ ನಮ್ಮ ಮನೇಲಿ ಜೀ ಕನ್ನಡದ ‘ಕುಟುಂಬ ಅವಾರ್ಡ್ಸ್’, ಕಲರ್ಸ್ ಕನ್ನಡದ ‘ಅನುಬಂಧ ಅವಾರ್ಡ್ಸ್’ ಬಂತೆಂದರೆ ಹಬ್ಬ. ನಾನೂ ನೋಡ್ತೇನೆ. ಆದರೆ ಗೆಳೆಯರೇ, ಅಲ್ಲಿ ವಾಹಿನಿ ತನ್ನ ಧಾರಾವಾಹಿಗಳಿಗೇ ಬಹುಮಾನ ಕೊಟ್ಟುಕೊಳ್ಳುತ್ತದೆ. ಪಕ್ಕದ ವಾಹಿನಿಯ ಪಾತ್ರಧಾರಿ ಸ್ಪರ್ಧೆಯಲ್ಲೇ ಇಲ್ಲ.

ಅಮೆರಿಕದ ಎಮ್ಮಿ ಪ್ರಶಸ್ತಿಯ ಮೊದಲ ಸಮಾರಂಭ ಹಾಲಿವುಡ್ಡಿನಲ್ಲಿ ನಡೆದದ್ದು 1949ರ ಜನವರಿ 25ರಂದು. ಟಿಕೆಟ್ಟು 5 ಡಾಲರು. ಬಹುಮಾನ ಆರೇ ಆರು. ಸ್ಪರ್ಧೆ ಲಾಸ್ ಏಂಜಲೀಸಿನ ಕಾರ್ಯಕ್ರಮಗಳಿಗಷ್ಟೆ. ಅತ್ಯುತ್ತಮ ಟೆಲಿವಿಷನ್ ವ್ಯಕ್ತಿಯಾಗಿ ಗೆದ್ದವಳು ಬೊಂಬೆಯನ್ನು ಮಾತಾಡಿಸುತ್ತಿದ್ದ ತರುಣಿ ಶರ್ಲಿ ಡಿನ್ಸ್‌ಡೇಲ್. ಸಭೆ ಚಿಕ್ಕದೇ, ಆದರೆ ಕೊಟ್ಟದ್ದು ಯಾವುದೇ ವಾಹಿನಿಯಲ್ಲ, ಟೆಲಿವಿಷನ್ ಅಕಾಡೆಮಿ.

ವ್ಯತ್ಯಾಸ ಇಷ್ಟೇನೆ: ಮನೆಯವರು ಹೊಗಳಿದರೆ ಅಕ್ಕರೆ, ಊರವರು ಹೊಗಳಿದರೆ ಮನ್ನಣೆ. ನಮ್ಮ ಕಲಾವಿದರಿಗೆ ಎರಡನೆಯದೂ ಸಲ್ಲಬೇಕಲ್ಲವೆ?