ಓಟ ಮುಗಿದ ಮೇಲೆ ಎತ್ತಿನ ಮುಖ ನೋಡಿರಿ

ಡೋಣಿ: ಕಾರಹುಣ್ಣಿಮೆ ಬಂತೆಂದರೆ ಕಪ್ಪತಗುಡ್ಡದ ಸೆರಗಿನ ಈ ಸೀಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಸಂಜೆಗೆ ಕರಿ ಹರಿಯುವ ಓಟ. ‘ಕಸುವೈತಿ, ಓಡತೈತಿ ಬಿಡ್ರಿ’ ಎಂಬ ಮಾತು ಎಲ್ಲರ ಬಾಯಲ್ಲಿ. ಎತ್ತು ಕಸುವಿಗೆ ಓಡಿತೋ, ಅಂಜಿಕೆಗೆ ಓಡಿತೋ ಕೇಳಿದವರಾರು?

ಹಲಗೆಯ ಸಪ್ಪಳ, ಜನರ ಕೇಕೆ ಕಿವಿಗೆ ಬಿದ್ದೊಡನೆ ಮೂತ್ರಪಿಂಡದ ಬಳಿಯ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಚೆಲ್ಲುತ್ತವೆ, ಎದೆಬಡಿತ ಏರುತ್ತದೆ. ತುಸು ಹೊತ್ತಿನಲ್ಲಿ ಅಲ್ಲಿಂದಲೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹೊರಟು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಪಂದ್ಯದ ಕುದುರೆಗಳ ರಕ್ತ, ಜೊಲ್ಲು ಪರೀಕ್ಷಿಸಿದ ವಿಜ್ಞಾನಿಗಳು ಕಂಡದ್ದೂ ಇದನ್ನೇ. ತಾಲೀಮಿನಲ್ಲಷ್ಟೇ ಅಲ್ಲ, ಲಾರಿಯಲ್ಲಿ ಸಾಗಿಸಿದರೂ ಕಾರ್ಟಿಸಾಲ್ ಏರುತ್ತದೆ. ಏರುವುದು ತಪ್ಪಲ್ಲ, ವಿಶ್ರಾಂತಿ ಸಿಕ್ಕರೆ ಇಳಿಯುತ್ತದೆ. ಇಳಿಯದೆ ದಿನಗಟ್ಟಲೆ ಉಳಿದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ.

ಚಕ್ಕಡಿ ಓಟಗಳನ್ನು ಸುಪ್ರೀಂ ಕೋರ್ಟು 2014ರಲ್ಲಿ ತಡೆದಿತ್ತು. ಮುಂದೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆಯನ್ನು 2023ರ ಮೇ 18ರಂದು ಅದೇ ಕೋರ್ಟು ಒಪ್ಪಿತು. ಆದರೆ ಪ್ರಾಣಿಗೆ ಅನಾವಶ್ಯಕ ನೋವು ಕೊಡಬಾರದೆಂಬ ಷರತ್ತು ಕಾಯ್ದೆಯಲ್ಲೇ ಇದೆ. ಬಾಲ ತಿರುವುವ ಕೈ ಇದನ್ನು ನೆನೆಯಬೇಕು.

ಕಾರ್ಟಿಸಾಲ್ ಅಳೆಯಲು ಪ್ರಯೋಗಶಾಲೆ ಬೇಕು. ರೈತನಿಗೆ ಕಣ್ಣೇ ಸಾಕು. ಬಿಟ್ಟ ಎತ್ತು ನೀರು ಕುಡಿದು, ಮಲಗಿ ಮೆಲುಕು ಹಾಕಿತೋ, ಸಮಾಧಾನ. ಕಣ್ಣು ಅರಳಿಸಿ, ಮೇವು ಮುಟ್ಟದೆ ನಿಂತಿತೋ, ಮರುದಿನ ನೊಗ ಹೇರಬೇಡಿರಿ. ಹುಣ್ಣಿಮೆ ದಾಟಿದರೆ ಬಿತ್ತಿಗೆ ಎಳೆಯಬೇಕಾದದ್ದೂ ಅದೇ ಎತ್ತು.