ಪರದೇಶದ ವ್ಯಾಪಾರಕ್ಕೆ ಪಂಚರಾಗುವುದು

ಕಳೆದ ಗಣೇಶೋತ್ಸವದ ಸಂಜೆ. ಮಂಗಳಾರತಿ ಮುಗಿದು ಪ್ರಸಾದ ಹಂಚುವ ಗಲಾಟೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಸಭಾಂಗಣದ ಮೂಲೆಯಲ್ಲಿ ಕುಳಿತು, ದಪ್ಪನೆಯ ಪುಸ್ತಕವೊಂದರಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದುದನ್ನು ಕಂಡೆವು. ಮೂವತ್ತು ವರ್ಷ ಬಂದರು, ಸೇತುವೆಗಳ ಕೆಲಸ ಮಾಡಿ ಸವೆದ ಇಂಜಿನಿಯರು, ವಯಸ್ಸು 57.

"ಏನು ರಾಯರೇ, ಮಗನ ಪರೀಕ್ಷೆಗೆ ನೀವು ಓದುತ್ತಿದ್ದೀರಾ?" ಎಂದು ತಮಾಷೆಗೆ ಕೇಳಿದೆವು.

"ಮಗನದಲ್ಲ, ನನ್ನದೇ ಪರೀಕ್ಷೆ. ಒಂದು ಸಲ ನಪಾಸಾಗಿದ್ದೇನೆ. ಇದು ಎರಡನೆಯ ಸಲ" ಎಂದರು, ಸ್ವಲ್ಪವೂ ಸಂಕೋಚವಿಲ್ಲದೆ.

ಪರೀಕ್ಷೆ ಯಾವುದೆಂದು ವಿಚಾರಿಸಲಾಗಿ, ದೇಶದೇಶಗಳ ವ್ಯಾಪಾರಿಗಳ ನಡುವೆ ಹುಟ್ಟುವ ವ್ಯಾಜ್ಯಗಳನ್ನು ತೀರ್ಮಾನಿಸುವ ಆರ್ಬಿಟ್ರೇಟರ್, ಅಂದರೆ ನಮ್ಮ ಮಾತಿನಲ್ಲಿ ಪಂಚರು ಆಗುವುದಕ್ಕೆ ಅವರು ತರಬೇತಿ ಪಡೆಯುತ್ತಿರುವರೆಂದು ತಿಳಿಯಿತು. ನಪಾಸಾದ ಬಗೆ ಕೇಳಿ ನಮಗೆ ಆಶ್ಚರ್ಯವಾಯಿತು. ಅವರ ತಂದೆ ಗದಗಿನ ಕಡೆಯ ಹಳ್ಳಿಯಲ್ಲಿ ದೊಡ್ಡ ಹೆಸರಿನ ಪಂಚರು. ಬದುವಿನ ಜಗಳವಿರಲಿ, ಬಾವಿಯ ನೀರಿನ ತಕರಾರಿರಲಿ, ಇಬ್ಬರನ್ನೂ ಗುಡಿಯ ಕಟ್ಟೆಗೆ ಕರೆಸಿ, "ನೀ ಒಂದ್ ಹೆಜ್ಜಿ ಹಿಂದ ಸರಿ, ಅವ ಒಂದ್ ಹೆಜ್ಜಿ ಸರೀತಾನ" ಎಂದು ಹೇಳಿ ಎಲೆಯಡಿಕೆ ಕೊಡಿಸಿ ಕಳಿಸುತ್ತಿದ್ದರಂತೆ. ಮಗನೂ ಪರೀಕ್ಷೆಯಲ್ಲಿ ಹಾಗೆಯೇ ಮಾಡಿದರು. ಪ್ರಶ್ನೆಯಲ್ಲಿ ಒಂದು ದೇಶದ ಕಂಪನಿ ಇನ್ನೊಂದು ದೇಶದ ಕಾರ್ಖಾನೆಗೆ ಪಂಪುಗಳನ್ನು ಹನ್ನೊಂದು ವಾರ ತಡವಾಗಿ ಕಳಿಸಿತ್ತು. ಕೊಂಡವರು ಹಣ ತಡೆಹಿಡಿದಿದ್ದರು. ಕೊಂಡವರು ನಕ್ಷೆಗಳನ್ನು ಕೊಟ್ಟದ್ದೇ ತಡವೆಂದು ಮಾರಿದವರ ವಾದ. ತಪ್ಪು ಇಬ್ಬರದೂ ಇದೆಯೆಂದು ಕಂಡು ನಮ್ಮ ರಾಯರು ಹಣವನ್ನು ಅರ್ಧರ್ಧ ಮಾಡಿ ತೀರ್ಪು ಬರೆದರು. ಪಾಠ ಹೇಳಿದವರು ಆಮೇಲೆ ಕೇಳಿದ್ದು ಒಂದೇ ಮಾತು: "ಅರ್ಧರ್ಧ ಮಾಡಿರೆಂದು ಇಬ್ಬರಲ್ಲಿ ಯಾರು ನಿಮ್ಮನ್ನು ಕೇಳಿದ್ದರು?"

ಈ ವಿದ್ಯೆಯ ತಿರುಳೆಲ್ಲ ಆ ಪ್ರಶ್ನೆಯಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ. ನಮ್ಮ ದೇಶದ 1996ನೆಯ ಇಸವಿಯ ಆರ್ಬಿಟ್ರೇಷನ್ ಕಾಯಿದೆಯ 28ನೆಯ ಕಲಮು ಇದನ್ನು ಸ್ಪಷ್ಟವಾಗಿ ಹೇಳಿದೆ. ಕಾನೂನಿನ ಮತ್ತು ಕರಾರಿನ ಅಕ್ಷರವನ್ನು ಬದಿಗಿಟ್ಟು, ತನಗೆ ನ್ಯಾಯವೆಂದು ತೋರಿದಂತೆ ಪಂಚನು ತೀರ್ಮಾನಿಸಬೇಕಾದರೆ ಉಭಯ ಪಕ್ಷದವರೂ ಅದಕ್ಕೆ ಸ್ಪಷ್ಟವಾಗಿ ಅಧಿಕಾರ ಕೊಟ್ಟಿರಬೇಕು. ವಿಶ್ವಸಂಸ್ಥೆಯ ವಾಣಿಜ್ಯ ಕಾನೂನು ಆಯೋಗವು 1985ರಲ್ಲಿ ಸಿದ್ಧಪಡಿಸಿದ ಮಾದರಿ ಕಾನೂನಿನಲ್ಲಿಯೂ ಇದೇ ಕಟ್ಟಳೆ; ನಮ್ಮ ಕಾಯಿದೆ ಅದನ್ನು ಅನುಸರಿಸಿಯೇ ರಚಿತವಾದದ್ದು. ಗುಡಿಯ ಕಟ್ಟೆಯ ಪಂಚರಿಗೆ ಆ ಅಧಿಕಾರ ಹುಟ್ಟಿನಿಂದಲೇ ಇತ್ತು. ಪರದೇಶದ ವ್ಯಾಪಾರದ ಪಂಚರಿಗೆ ಕೊಟ್ಟರೆ ಮಾತ್ರ ಉಂಟು.

ಇಷ್ಟೊಂದು ಕಟ್ಟುನಿಟ್ಟು ಏಕೆಂದು ವಾಚಕರು ಕೇಳಬಹುದು. ಮುಂಬಯಿಯ ವ್ಯಾಪಾರಿಯೊಬ್ಬನು ಜರ್ಮನಿಯ ಕಾರ್ಖಾನೆಯೊಡನೆ ಕರಾರು ಮಾಡಿಕೊಂಡನೆನ್ನಿ. ನಾಳೆ ಜಗಳವಾದರೆ ಜರ್ಮನಿಯ ಕೋರ್ಟು ಇವನಿಗೆ ಬೇಡ, ಮುಂಬಯಿಯ ಕೋರ್ಟು ಅವನಿಗೆ ಬೇಡ. ಆದಕಾರಣ ಮೂರನೆಯ ಊರೊಂದರಲ್ಲಿ, ಇಬ್ಬರೂ ಒಪ್ಪಿದ ಪಂಚರ ಮುಂದೆ ಎಂದು ಕರಾರಿನ ಕೊನೆಯ ಕಲಮಿನಲ್ಲಿ ಬರೆದುಕೊಳ್ಳುತ್ತಾರೆ. ಪಂಚರು ಕೊಡುವ ತೀರ್ಪಿಗೆ ವಕೀಲರು ಅವಾರ್ಡ್ ಎನ್ನುತ್ತಾರೆ. ಸರಕಾರಿ ಕನ್ನಡದಲ್ಲಿ ಐತೀರ್ಪು. 1958ರ ಜೂನ್ 10ರಂದು ನ್ಯೂಯಾರ್ಕಿನಲ್ಲಿ ಆದ ಒಡಂಬಡಿಕೆಯ ಪ್ರಕಾರ ಒಂದು ದೇಶದಲ್ಲಿ ಆದ ಐತೀರ್ಪನ್ನು ಇನ್ನೊಂದು ದೇಶದ ಕೋರ್ಟು ಜಾರಿ ಮಾಡಿಕೊಡಬೇಕು. ಭಾರತವು ಅಂದೇ ಸಹಿ ಹಾಕಿ 1960ರಲ್ಲಿ ಅದನ್ನು ಸ್ಥಿರೀಕರಿಸಿತು. ಇಂದು 170ಕ್ಕಿಂತ ಹೆಚ್ಚು ದೇಶಗಳು ಅದರಲ್ಲಿ ಸೇರಿವೆ. ಕೋರ್ಟಿನ ತೀರ್ಪಿಗೆ ಗಡಿ ದಾಟುವುದು ಇಷ್ಟು ಸಲೀಸಲ್ಲ.

ಆದರೆ ಸೋತವನಿಗೆ ಅದೇ ಒಡಂಬಡಿಕೆಯ ಐದನೆಯ ಕಲಮಿನಲ್ಲಿ ಏಳು ಬಾಗಿಲುಗಳಿವೆ. ಪಂಚಾಯ್ತಿಯ ಒಪ್ಪಂದವೇ ಸಿಂಧುವಲ್ಲ ಎನ್ನಬಹುದು. ನನಗೆ ಸರಿಯಾಗಿ ನೋಟೀಸು ಕೊಡಲಿಲ್ಲ, ನನ್ನ ವಾದ ಹೇಳಲು ಅವಕಾಶವಾಗಲಿಲ್ಲ ಎನ್ನಬಹುದು. ಕೇಳದೆ ಇದ್ದುದನ್ನು ಪಂಚರು ತೀರ್ಮಾನಿಸಿದರು, ಪಂಚರ ನೇಮಕವೇ ಕರಾರಿನಂತೆ ಆಗಲಿಲ್ಲ, ಐತೀರ್ಪು ಇನ್ನೂ ಬಂಧಕವಾಗಿಲ್ಲ ಅಥವಾ ಆದ ದೇಶದಲ್ಲೇ ರದ್ದಾಗಿದೆ ಎಂದು ವಾದಿಸಬಹುದು. ಈ ಐದನ್ನು ಸೋತವನೇ ರುಜುವಾತು ಮಾಡಬೇಕು. ವಿಷಯವು ಪಂಚಾಯ್ತಿಗೆ ಯೋಗ್ಯವಾದದ್ದೇ, ಜಾರಿ ಮಾಡಿದರೆ ದೇಶದ ಸಾರ್ವಜನಿಕ ನೀತಿಗೆ ವಿರುದ್ಧವೇ ಎಂಬ ಉಳಿದ ಎರಡನ್ನು ಕೋರ್ಟು ತಾನಾಗಿಯೇ ನೋಡಬಹುದು. ಪಂಚನಾದವನು ಬರೆಯುವ ಪ್ರತಿಯೊಂದು ಸಾಲನ್ನೂ ಈ ಬಾಗಿಲುಗಳ ಮೇಲೆ ಕಣ್ಣಿಟ್ಟು ಬರೆಯಬೇಕು. ರಾಯರ ಅರ್ಧರ್ಧ ತೀರ್ಪು ನಿಜವಾದ ವ್ಯಾಜ್ಯದಲ್ಲಿ ಬಂದಿದ್ದರೆ, ಸೋತವನ ವಕೀಲ ಅದನ್ನು ಇಂಥ ಬಾಗಿಲೊಂದರಿಂದ ಹೊರಗೆ ಎಳೆಯಲು ನೋಡುತ್ತಿದ್ದನು.

ಸಹಿ ಹಾಕಿದ ಮೇಲೆ ಐತೀರ್ಪಿನ ಪಾಡೇನಾಗುತ್ತದೆಂಬುದಕ್ಕೆ ನಮ್ಮ ಬೆಂಗಳೂರಿನದೇ ಒಂದು ದೃಷ್ಟಾಂತವಿದೆ. ಇಸ್ರೋದ ವ್ಯಾಪಾರಿ ಅಂಗವಾದ ಆಂಟ್ರಿಕ್ಸ್ ಸಂಸ್ಥೆಯು 2005ರಲ್ಲಿ ದೇವಾಸ್ ಎಂಬ ಕಂಪನಿಯೊಡನೆ ಉಪಗ್ರಹದ ತರಂಗಗಳ ಬಗ್ಗೆ ಕರಾರು ಮಾಡಿಕೊಂಡು 2011ರಲ್ಲಿ ಅದನ್ನು ರದ್ದು ಮಾಡಿತು. 2015ರಲ್ಲಿ ಮೂವರು ಪಂಚರು ದೇವಾಸ್‌ಗೆ 56 ಕೋಟಿ 25 ಲಕ್ಷ ಡಾಲರು ಕೊಡಬೇಕೆಂದು ತೀರ್ಮಾನಿಸಿದರು. ಆ ಕಂಪನಿಯ ಸ್ಥಾಪನೆಯ ಮೂಲದಲ್ಲೇ ವಂಚನೆಯಿತ್ತೆಂದು ಅದನ್ನು ಮುಚ್ಚುವ ಆಜ್ಞೆಯನ್ನು ನಮ್ಮ ಸುಪ್ರೀಂ ಕೋರ್ಟು 2022ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟು ಐತೀರ್ಪನ್ನು ರದ್ದುಮಾಡಿತು. ಇಷ್ಟಾದರೂ ಅದರ ಜಾರಿಯ ಒಂದು ಪ್ರಶ್ನೆ 2025ರಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟಿನ ಮುಂದೆ ಬಂದು, ಮತ್ತೆ ಕೆಳಗಿನ ಕೋರ್ಟಿಗೆ ಹೋಯಿತು. ಇದರಲ್ಲಿ ತಪ್ಪು ಪಂಚರದೆಂದು ನಮ್ಮ ಅಭಿಪ್ರಾಯವಲ್ಲ. ಆ ಕಾಗದ ಎಷ್ಟು ದೂರ ನಡೆಯಬೇಕಾಗುತ್ತದೆ ಎಂಬುದನ್ನಷ್ಟೆ ಹೇಳಿದೆವು.

ಇನ್ನು ತರಬೇತಿಯ ವಿಚಾರ. ವಕೀಲರಾಗಿರಲೇಬೇಕೆಂಬ ನಿಯಮವಿಲ್ಲ, ಇಂಜಿನಿಯರು, ಲೆಕ್ಕಪರಿಶೋಧಕರು, ಹಡಗಿನ ವ್ಯವಹಾರ ಬಲ್ಲವರು, ಯಾವ ದೇಶದ ಪ್ರಜೆಯಾದರೂ ಪಂಚರಾಗಬಹುದು. 2019ರಲ್ಲಿ ನಮ್ಮ ಸಂಸತ್ತು ಪಂಚರಿಗೆ ಇಂತಿಂಥ ಅರ್ಹತೆ, ಹತ್ತು ವರ್ಷದ ಅನುಭವ ಎಂದು ಒಂದು ಪಟ್ಟಿಯನ್ನೇ ಕಾಯಿದೆಗೆ ಅಂಟಿಸಿತ್ತು. ಪರದೇಶದ ಪಂಡಿತರಿಗೆ ಅದರಲ್ಲಿ ಎಡೆಯೇ ಇಲ್ಲವೆಂಬ ಆಕ್ಷೇಪಣೆ ಎದ್ದು, 2021ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಕಾಯಿದೆ ಕೇಳದಿದ್ದರೇನು, ಕೋಟ್ಯಂತರ ರೂಪಾಯಿಯ ವ್ಯಾಜ್ಯವನ್ನು ಒಪ್ಪಿಸುವವರು ಕೇಳಿಯೇ ಕೇಳುತ್ತಾರೆ. ಅವರಿಗೆ ತೋರಿಸಲು ಬೇಕಾದ ಮುದ್ರೆಗಳಲ್ಲಿ ಬಹಳ ಹೆಸರಾದದ್ದು ಲಂಡನ್ನಿನಲ್ಲಿ 1915ರಲ್ಲಿ ಸ್ಥಾಪಿತವಾದ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್ ಕೊಡುವ ಪದವಿ. ಅಸೋಸಿಯೇಟ್, ಮೆಂಬರ್, ಫೆಲೋ ಎಂದು ಮೂರು ಮೆಟ್ಟಿಲು. ಭಾರತದಲ್ಲಿಯೂ ಅದರ ಶಾಖೆಯಿದೆ. ಕಾನೂನು ಓದುತ್ತಿರುವ ನಮ್ಮ ಮಕ್ಕಳಿಗೆ ಇನ್ನೊಂದು ದಾರಿಯೂ ಉಂಟು: ವಿಯೆನ್ನಾದಲ್ಲಿ ಪ್ರತಿ ವರ್ಷ ನಡೆಯುವ ವಿಲ್ಲೆಮ್ ವಿಸ್ ಹೆಸರಿನ ಅಣಕು ವ್ಯಾಜ್ಯದ ಸ್ಪರ್ಧೆ. ಜಗತ್ತಿನ ನೂರಾರು ವಿಶ್ವವಿದ್ಯಾಲಯಗಳ ತಂಡಗಳು ಅಲ್ಲಿ ಒಂದೇ ಕಲ್ಪಿತ ವ್ಯಾಜ್ಯವನ್ನು ಹಿಡಿದು ಎರಡೂ ಕಡೆಯಿಂದ ವಾದಿಸುತ್ತವೆ.

ಓದುವ ವಿಷಯಗಳಲ್ಲಿ ಕರಾರಿನ ಕಾನೂನು, ವಿಚಾರಣೆಯ ಕ್ರಮ, ಸಾಕ್ಷ್ಯ ಇವೆಲ್ಲ ಸರಿಯೆ. ಶ್ರದ್ಧೆಯುಳ್ಳವರು ಓದಿ ದಾಟಿಯಾರು. ಎಲ್ಲರೂ ಎಡವುವುದು ಐತೀರ್ಪು ಬರೆಯುವ ಪರೀಕ್ಷೆಯಲ್ಲಿ. ಕಲ್ಪಿತ ವ್ಯಾಜ್ಯವೊಂದರ ಕಾಗದಪತ್ರ ಕೈಗಿಟ್ಟು, ಜಾರಿಯಾಗಬಲ್ಲ ಐತೀರ್ಪು ಬರೆಯಿರಿ ಎನ್ನುತ್ತಾರೆ. ಅದು ಬರೆಹದಲ್ಲಿರಬೇಕು, ಸಹಿಯಿರಬೇಕು, ತಾರೀಖಿರಬೇಕು, ಪಂಚಾಯ್ತಿಯ ಸ್ಥಳ ನಮೂದಾಗಿರಬೇಕು, ಕಾರಣಗಳನ್ನು ಕೊಟ್ಟಿರಬೇಕು. ನಮಗೆ ಅಧಿಕಾರ ಎಲ್ಲಿಂದ ಬಂತೆಂಬುದರಿಂದ ಪ್ರಾರಂಭಿಸಿ, ಯಾರು ಏನು ಕೇಳಿದರು, ಪ್ರತಿಯೊಂದಕ್ಕೂ ನಮ್ಮ ಉತ್ತರವೇನು, ಬಡ್ಡಿ ಎಂದಿನಿಂದ ಎಷ್ಟು, ಖರ್ಚು ಯಾರ ತಲೆಗೆ, ಇಷ್ಟನ್ನೂ ಬಿಡದೆ ಹೇಳಬೇಕು. ಕೇಳಿದ್ದರಲ್ಲಿ ಒಂದನ್ನೂ ಬಿಡಬಾರದು, ಕೇಳದೆ ಇದ್ದುದನ್ನು ಒಂದನ್ನೂ ಕೊಡಬಾರದು. ಕಾರಣ ಬರೆಯುವುದೇ ಕಠಿಣವೆಂದು ರಾಯರು ಹೇಳುತ್ತಾರೆ: "ಸೋತವನು ಓದಿ, ನನ್ನ ಮಾತನ್ನು ಇವರು ಕೇಳಿಸಿಕೊಂಡರು ಎನ್ನಬೇಕು. ನಮ್ಮಪ್ಪನಿಗೆ ಈ ಕಷ್ಟ ಇರಲಿಲ್ಲ. ಅವರು ಏನೂ ಬರೀತಾನೇ ಇರಲಿಲ್ಲ."

ಸಹಿ ಹಾಕಿದ ಮೇಲೆ ಲೆಕ್ಕದ ತಪ್ಪು, ಬೆರಳಚ್ಚಿನ ತಪ್ಪು ಇಂಥವನ್ನು ತಿದ್ದಬಹುದೇ ಹೊರತು ಮನಸ್ಸು ಬದಲಾಯಿಸುವಂತಿಲ್ಲ.

ಮತ್ತೊಂದು ಪಾಠ ಹೊರನಾಡಿನ ನಮ್ಮಂಥವರಿಗೆ ವಿಶೇಷವಾಗಿ ಕಷ್ಟದ್ದು. ಅನೇಕ ವ್ಯಾಜ್ಯಗಳಲ್ಲಿ ಪ್ರತಿ ಪಕ್ಷವೂ ಒಬ್ಬೊಬ್ಬ ಪಂಚನನ್ನು ಹೆಸರಿಸುತ್ತದೆ; ಅವರಿಬ್ಬರೂ ಕೂಡಿ ಅಧ್ಯಕ್ಷನನ್ನು ಆರಿಸುತ್ತಾರೆ. ಊರಿನಲ್ಲಾದರೆ 'ನಮ್ಮ ಕಡೆಯ ಹಿರಿಯರು' ಎಂದರೆ ನಮ್ಮ ಪರ ಎರಡು ಮಾತನಾಡುವವರು. ಇಲ್ಲಿ ಹಾಗಲ್ಲ. ಹೆಸರಿಸಿದವನ ಕಡೆಗೆ ಕೂದಲೆಳೆಯಷ್ಟೂ ವಾಲುವಂತಿಲ್ಲ. ಸಂಶಯಕ್ಕೆ ಎಡೆಕೊಡುವ ಸಂಬಂಧವೇನಾದರೂ ಇದ್ದರೆ ನೇಮಕಕ್ಕೆ ಮೊದಲೇ ಲಿಖಿತವಾಗಿ ತಿಳಿಸಬೇಕು. ಅಂತರರಾಷ್ಟ್ರೀಯ ವಕೀಲರ ಸಂಘವು ಇಂಥ ಸಂಬಂಧಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ಮೂರು ಪಟ್ಟಿಗಳಲ್ಲಿ ವಿಂಗಡಿಸಿದೆ. ಇದು 2004ರಲ್ಲಿ ಹೊರಟು 2024ರಲ್ಲಿಯೂ ಪರಿಷ್ಕೃತವಾಯಿತು. ನಮ್ಮ ಕಾಯಿದೆಯಲ್ಲಿಯೂ 2015ರಿಂದ ಇದೇ ಧಾಟಿಯ ಅನುಸೂಚಿಗಳಿವೆ. ಹೊಸಬರ ಪರಿಚಯವಾದೊಡನೆ "ನಿಮ್ಮ ಊರು ಯಾವುದು, ಇಂಥವರು ನಿಮಗೇನಾಗಬೇಕು" ಎಂದು ಕೇಳಿ ಐದು ನಿಮಿಷದಲ್ಲಿ ನೆಂಟಸ್ತಿಕೆ ಕಂಡುಹಿಡಿಯುವವರು ನಾವು. ಆ ಪಟ್ಟಿಗಳನ್ನು ಮಾಡಿದವರು ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಬಂದಿದ್ದರೆ ಇನ್ನೂ ನಾಲ್ಕು ಬಣ್ಣ ಸೇರಿಸುತ್ತಿದ್ದರೇನೋ!

ಪದವಿ ಬಂದೊಡನೆ ಕೆಲಸ ಬರುತ್ತದೆಂದು ತಿಳಿಯಬಾರದು. ಲಂಡನ್, ಪ್ಯಾರಿಸ್, ಸಿಂಗಾಪುರ, ಹಾಂಗ್‌ಕಾಂಗ್‌ಗಳಲ್ಲಿ ಹೆಸರಾದ ಸಂಸ್ಥೆಗಳಿವೆ. ನಮ್ಮವರು ನೆಲೆಸಿರುವ ಊರುಗಳಲ್ಲಿಯೂ ಮುಂಬಯಿಯ ಕೇಂದ್ರವು 2016ರಲ್ಲಿ, ಹೈದರಾಬಾದಿನದು 2021ರಲ್ಲಿ ಪ್ರಾರಂಭವಾದವು. ದೆಹಲಿಯದಕ್ಕೆ 2019ರಲ್ಲಿ ಸಂಸತ್ತೇ ಕಾಯಿದೆ ಮಾಡಿತು. ಆದರೂ ದೊಡ್ಡ ವ್ಯಾಜ್ಯಗಳು ಹೆಸರಾಗಿದ್ದವರನ್ನೇ ಹುಡುಕಿಕೊಂಡು ಹೋಗುತ್ತವೆ. ನೇಮಕವಿಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ನೇಮಕವಿಲ್ಲ. ಎಷ್ಟೋ ತರುಣರು ಮೊದಲು ಹಿರಿಯ ಪಂಚರ ಬಳಿ ಕಾರ್ಯದರ್ಶಿಗಳಾಗಿ ಕಾಗದಪತ್ರ ನೋಡಿಕೊಳ್ಳುತ್ತಾರೆ. ಹೆಂಗಸರಿಗೆ ಅವಕಾಶ ಇನ್ನೂ ಕಡಮೆಯೆಂಬುದನ್ನು ಈ ವೃತ್ತಿಯವರೇ ಒಪ್ಪಿ, ಅದನ್ನು ಸರಿಪಡಿಸುವುದಾಗಿ 2016ರಲ್ಲಿ ಒಂದು ಪ್ರತಿಜ್ಞಾಪತ್ರ ಹೊರಡಿಸಿದರು. ನಮ್ಮ ಮನೆಗಳ ಕಾನೂನು ಓದಿದ ಹೆಣ್ಣುಮಕ್ಕಳು ಇದನ್ನು ಗಮನಿಸಲಿ. ಖರ್ಚಂತೂ ಸಣ್ಣದಲ್ಲ. ಮನೆಯ ಸಾಲ ತೀರದವರು, ಈ ಸಂಪಾದನೆಯನ್ನೇ ನಂಬಿ ಕೈಯಲ್ಲಿದ್ದ ನೌಕರಿ ಬಿಡುವುದು ಸರ್ವಥಾ ಸಲ್ಲದೆಂದು ನಮ್ಮ ಅಭಿಪ್ರಾಯ.

ರಾಯರು ಎರಡನೆಯ ಸಲ ತೇರ್ಗಡೆಯಾದರು. ಕೆಲವು ತಿಂಗಳ ಮೇಲೆ ಅವರಿಗೆ ಮೊದಲನೆಯ ಪತ್ರ ಬಂತು. ಬಂದರಿನ ಕಟ್ಟೆಯೊಂದರ ಕೆಲಸ, ಒಂದು ಕಡೆ ಪರದೇಶದ ಗುತ್ತಿಗೆದಾರರು; ಅವರ ಅನುಭವಕ್ಕೆ ಅಳತೆ ತೆಗೆದು ಹೊಲಿದಂತಿತ್ತು. ಮನೆಯಲ್ಲಿ ಪಾಯಸವೂ ಆಯಿತು. ರಾತ್ರಿ ಹಳೆಯ ಡೈರಿಗಳನ್ನು ತೆಗೆದು ನೋಡುತ್ತಾ, ಎರಡು ವರ್ಷದ ಹಿಂದೆ ಆ ಪಕ್ಷಗಳಲ್ಲೊಂದರ ಅಂಗಸಂಸ್ಥೆಗೆ ಮೂರು ದಿನ ಸಲಹೆ ಕೊಟ್ಟು ಹಣ ಪಡೆದದ್ದು ಅವರ ಕಣ್ಣಿಗೆ ಬಿತ್ತು. ಮರುದಿನ ಬೆಳಗ್ಗೆಯೇ ಅದನ್ನು ಬರೆದು ಕಳಿಸಿದರು. ಎದುರು ಪಕ್ಷದವರು ಆಕ್ಷೇಪಣೆ ಎತ್ತಿದರು. ರಾಯರು ಹಿಂದೆ ಸರಿದರು.

"ಮೂರೇ ದಿನದ ಕೆಲಸ, ಯಾರಿಗೆ ನೆನಪಿತ್ತು? ಮನೆಗೆ ಬಂದ ಲಕ್ಷ್ಮಿಯನ್ನು ನೀವೇ ಬಾಗಿಲು ತೆಗೆದು ಕಳಿಸಿದಿರಲ್ಲಾ" ಎಂದು ಅವರ ಮನೆಯವರು ನಮ್ಮ ಮುಂದೆಯೇ ಹೇಳಿದರು.

ರಾಯರು ಕಾಫಿಯ ಲೋಟವನ್ನು ಕೆಳಗಿಟ್ಟು, "ನನಗೆ ನೆನಪಿತ್ತಲ್ಲ" ಎಂದರು. ಎರಡನೆಯ ಪತ್ರ ನಾವು ಇದನ್ನು ಬರೆಯುವವರೆಗೂ ಬಂದಿಲ್ಲ.